ಚೆಂಡೆಯ ಪೆಟ್ಟು, ಗಣಕದ ತಾಳ

ಯಕ್ಷಗಾನದ ಹಿಮ್ಮೇಳಕ್ಕೆ ಯಂತ್ರವು ಮೊದಲು ಕಾಲಿಟ್ಟುದು ಶ್ರುತಿಯ ರೂಪದಲ್ಲಿ. ಪುಂಗಿ ಹೋಗಿ ಹಾರ್ಮೋನಿಯಂ ಬಂದಿತು, ಹಾರ್ಮೋನಿಯಂ ಹೋಗಿ ವಿದ್ಯುನ್ಮಾನ ಶ್ರುತಿಪೆಟ್ಟಿಗೆ ಬಂದಿತು. ಕುಂಬಳೆ ಸೀಮೆಯ ರಸಿಕರು ಅದಕ್ಕಾಗಿ ಹೆಚ್ಚು ದುಃಖಿಸಿದುದನ್ನು ನಾವು ಕಂಡಿಲ್ಲ. ಶ್ರುತಿಯು ಭಾಗವತರಿಗೆ ಮರುಮಾತು ಕೊಡಬೇಕಾಗಿಲ್ಲ. ನಿಂತಲ್ಲಿಯೇ ನಿಂತಿದ್ದರೆ ಸಾಕು. ತಾಳದ ಮಾತು ಹಾಗಲ್ಲ. ಈಗ ನಮ್ಮ ಹೊಸಂಗಡಿಯ ಸುತ್ತಮುತ್ತ ಶಾಲಾ ವಾರ್ಷಿಕೋತ್ಸವದ ನೃತ್ಯಕ್ಕಾಗಲಿ, ಭಕ್ತಿಗೀತೆಯ ಮುದ್ರಣಕ್ಕಾಗಲಿ ಗಣಕದಲ್ಲಿ ಪೋಣಿಸಿದ ತಾಳವೇ ಬಳಕೆಗೆ ಬರುತ್ತಿರುವಾಗ, ಅದರ ಗುಣದೋಷಗಳನ್ನು ಕಿವಿಗೊಟ್ಟು ಪರಿಶೀಲಿಸುವುದು ಉಚಿತವೆಂದು ಭಾವಿಸುತ್ತೇವೆ.

ವಾದ್ಯದ ಒಂದು ಪೆಟ್ಟನ್ನೋ ಹಾಡಿನ ಒಂದು ತುಣುಕನ್ನೋ ಮುದ್ರಿಸಿಕೊಂಡು, ಅದನ್ನೇ ಹೊಸ ರಚನೆಯ ಸಾಮಗ್ರಿಯಾಗಿಸಿದರೆ ಆ ತುಣುಕಿಗೆ ‘ಸ್ಯಾಂಪಲ್’ ಎಂದು ಹೆಸರು. ಈ ಯೋಚನೆ ಗಣಕಕ್ಕಿಂತ ಹಳೆಯದು. ಪ್ಯಾರಿಸ್ಸಿನ ಪಿಯೆರ್ ಶೆಫರ್ 1948ರಲ್ಲಿ ರೈಲುಗಾಡಿಗಳ ಸದ್ದನ್ನು ಮುದ್ರಿಸಿ, ಕತ್ತರಿಸಿ, ಮರುಜೋಡಿಸಿ ಒಂದು ಕೃತಿಯನ್ನು ರಚಿಸಿದರು. ಹಗಲಿರುಳೂ ರೈಲಿನ ಸದ್ದಿನಲ್ಲೇ ಬಾಳುವ ನಮಗೆ ಅದು ಸಂಗೀತವೆಂದು ಹೊಳೆದಿರಲಿಲ್ಲ ಎಂಬುದು ಬೇರೆ ಮಾತು.

ಸಲಕರಣೆಗೆ ಇಂದು ಕೊರತೆಯಿಲ್ಲ. ಕೇರಳದ ಸರಕಾರಿ ಶಾಲೆಗಳ ಗಣಕಗಳು ಸ್ವತಂತ್ರ ತಂತ್ರಾಂಶದಲ್ಲಿ ನಡೆಯುತ್ತವೆ. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳಿಗೆ ಆ ವಿಷಯದ ಪಠ್ಯಪುಸ್ತಕ ಕನ್ನಡದಲ್ಲಿಯೇ ಇದೆ. 2000ದಲ್ಲಿ ಮೊದಲು ಹೊರಬಂದ ‘ಆಡಾಸಿಟಿ’ ಎಂಬ ಧ್ವನಿಸಂಪಾದಕ ಆ ಗಣಕಗಳಲ್ಲಿ ಸಿಗುತ್ತದೆ. ಅದರಲ್ಲಿ ಕತ್ತರಿಸಿದ ಪೆಟ್ಟುಗಳನ್ನು ‘ಹೈಡ್ರೋಜನ್’ ಎಂಬ ಮತ್ತೊಂದು ಸ್ವತಂತ್ರ ತಂತ್ರಾಂಶದಲ್ಲಿ ತಾಳವಾಗಿ ಹೆಣೆಯಬಹುದು. ಇವಕ್ಕೆ ಬೆಲೆಯಿಲ್ಲ ಎಂಬುದು ಸಣ್ಣ ಲಾಭ. ತಂತ್ರಾಂಶದ ಒಳಗನ್ನು ಬಿಚ್ಚಿ ನೋಡಲು, ತಿದ್ದಲು, ನೆರೆಯವರಿಗೆ ಹಂಚಲು ಅನುಮತಿ ಇದೆ ಎಂಬುದೇ ದೊಡ್ಡದು.

ಆದರೆ ಹೈಡ್ರೋಜನ್ ತೆರೆದೊಡನೆ ಎದುರಾಗುವುದು ಪಾಶ್ಚಾತ್ಯ ರಾಕ್ ಸಂಗೀತದ ಡ್ರಮ್ಮುಗಳು. ಅಲ್ಲಿಂದ ನಮ್ಮ ಹುಡುಗರು ಸುಲಭದ ದಾರಿ ಹಿಡಿಯುತ್ತಾರೆ: ಯಾರೋ ಎಲ್ಲಿಯೋ ಬಾರಿಸಿದ ನಾಲ್ಕು ಆವರ್ತದ ತಬಲಾ ತುಣುಕನ್ನು ತಂದು, ಹಾಡು ಮುಗಿಯುವವರೆಗೆ ಸುತ್ತಿಸುತ್ತಾರೆ. ಇದಕ್ಕೆ ‘ಲೂಪ್’ ಎನ್ನುತ್ತಾರೆ. ನಮ್ಮ ಆಕ್ಷೇಪವಿರುವುದು ಇಲ್ಲಿ. ತೆಂಕುತಿಟ್ಟಿನ ಭಾಗವತರು ಪದ್ಯದ ಒಂದು ಮಾತನ್ನು ಎತ್ತಿ ಹಿಡಿದು, ವೇಷಧಾರಿಯ ಕಣ್ಣು ನೋಡಿ, ಅದೇ ಸಾಲನ್ನು ಮತ್ತೊಮ್ಮೆ ಬೇರೆ ಭಾವದಲ್ಲಿ ಹೇಳುತ್ತಾರೆ. ಮದ್ದಳೆಗಾರ ಆಗ ಕೈ ತಗ್ಗಿಸುತ್ತಾನೆ, ಚೆಂಡೆ ಕಾಯುತ್ತದೆ. ಬಿಡ್ತಿಗೆ ಎಲ್ಲಿ, ಮುಕ್ತಾಯ ಎಲ್ಲಿ ಎಂಬುದು ಆ ಹೊತ್ತಿನ ಮೂವರ ಒಪ್ಪಂದ. ಸುತ್ತುತ್ತಲೇ ಇರುವ ತುಣುಕಿಗೆ ಕಾಯುವುದು ತಿಳಿಯದು. ಕೊನೆಗೆ ಹಾಡುಗಾರನೇ ಅದಕ್ಕಾಗಿ ಉಸಿರು ಮೊಟಕುಗೊಳಿಸುತ್ತಾನೆ. ಇತ್ತೀಚಿನ ಮುದ್ರಣಗಳಲ್ಲಿ ಸಾಲಿನ ಕೊನೆಯ ದೀರ್ಘಾಕ್ಷರ ಹ್ರಸ್ವವಾಗಿ ಕೇಳಿಸಿದರೆ ಗಾಯಕನನ್ನು ಮಾತ್ರ ದೂರುವುದು ನ್ಯಾಯವಲ್ಲ.

ಹೈಡ್ರೋಜನ್‌ನಲ್ಲಿ ತಾಳವನ್ನು ‘ಮಾನುಷ’ಗೊಳಿಸುವ ಗುಂಡಿಗಳಿವೆ. ಅವನ್ನು ತಿರುಗಿಸಿದರೆ ಪೆಟ್ಟುಗಳ ಕಾಲ ಮತ್ತು ಬಲ ಅಲ್ಪಸ್ವಲ್ಪ ಏರುಪೇರಾಗುತ್ತವೆ, ಯಾದೃಚ್ಛಿಕವಾಗಿ. ಕೈ ತಪ್ಪುವುದೇ ಮನುಷ್ಯತ್ವವೆಂದು ಅವುಗಳ ಎಣಿಕೆ! ನುರಿತ ಚೆಂಡೆಗಾರ ಕೂದಲೆಳೆಯಷ್ಟು ತಡೆದು ಬಾರಿಸಿದರೆ ಅದಕ್ಕೆ ಕಾರಣವಿರುತ್ತದೆ. ಆ ಕಾರಣ ಪದ್ಯದಲ್ಲಿರುತ್ತದೆ.

ಹಾಗೆಂದು ಸ್ಯಾಂಪಲ್ ಸಂಗೀತವನ್ನೇ ತಿರಸ್ಕರಿಸುವ ಮಡಿವಂತಿಕೆ ನಮ್ಮದಲ್ಲ. ಆವರ್ತವನ್ನಲ್ಲ, ಒಂಟಿ ಪೆಟ್ಟುಗಳನ್ನು ಸಂಗ್ರಹಿಸಿದರೆ ಸ್ಥಿತಿಯೇ ಬೇರೆ. ಒಂದೇ ಪೆಟ್ಟನ್ನು ಮೆಲ್ಲಗೆ, ಮಧ್ಯಮವಾಗಿ, ಬಲವಾಗಿ ಬಾರಿಸಿ ಮುದ್ರಿಸಿ ಪದರಪದರವಾಗಿ ಇಟ್ಟರೆ, ನುಡಿಸುವವನ ಬೆರಳಿನ ಒತ್ತಡಕ್ಕೆ ತಕ್ಕ ಪದರವನ್ನು ತಂತ್ರಾಂಶ ಆರಿಸಿಕೊಳ್ಳುತ್ತದೆ. ಜೋಡಣೆಯ ಹೊಣೆ ಮರಳಿ ಮನುಷ್ಯನಿಗೆ ಬರುತ್ತದೆ.

ಇನ್ನು, ಆ ಪೆಟ್ಟು ಯಾರದು? ಅಮೆರಿಕದ ‘ದಿ ವಿನ್‌ಸ್ಟನ್ಸ್’ ತಂಡದ ಗ್ರೆಗರಿ ಕೋಲ್ಮನ್ 1969ರ ಒಂದು ಮುದ್ರಿಕೆಯಲ್ಲಿ ಬಾರಿಸಿದ ಆರೇಳು ಸೆಕೆಂಡಿನ ಡ್ರಮ್ ವಾದನ ಸಾವಿರಾರು ಹಾಡುಗಳಲ್ಲಿ ಮರುಬಳಕೆಯಾಗಿದೆ. ಅದಕ್ಕಾಗಿ ಅವರಿಗೆ ಸಂಭಾವನೆ ಬರಲಿಲ್ಲ. 2006ರಲ್ಲಿ ಬಡತನದಲ್ಲಿಯೇ ತೀರಿಕೊಂಡರು. ತಂತ್ರಾಂಶ ಸ್ವತಂತ್ರವಾದ ಮಾತ್ರಕ್ಕೆ ಅದರೊಳಗೆ ಹಾಕಿದ ನಾದ ಸ್ವತಂತ್ರವಾಗುವುದಿಲ್ಲ. ನಮ್ಮ 1957ರ ಹಕ್ಕುಸ್ವಾಮ್ಯ ಕಾಯಿದೆಗೆ 1994 ಮತ್ತು 2012ರಲ್ಲಿ ಬಂದ ತಿದ್ದುಪಡಿಗಳು ಕಲಾವಿದನಿಗೂ ಹಕ್ಕುಗಳನ್ನು ಕೊಟ್ಟಿವೆ. ತನ್ನ ಹೆಸರು ಕಾಣಬೇಕೆಂದು ಕೇಳುವ ಹಕ್ಕೂ ಅವುಗಳಲ್ಲೊಂದು. ಇರುಳಿಡೀ ನಿಂತು ಬಾರಿಸಿದರೂ ಕರಪತ್ರದ ಕೊನೆಯಲ್ಲಿ ‘ಮತ್ತಿತರರು’ ಎನಿಸಿಕೊಂಡ ಕೈಗಳು ನಮ್ಮಲ್ಲಿ ಕಡಿಮೆಯಿಲ್ಲ.

ಈ ವಿಚಾರವನ್ನು ಪರೀಕ್ಷಿಸಲೆಂದು ನಾವು ಒಂದು ಮಧ್ಯಾಹ್ನ ಪರಿಚಯದ ಚೆಂಡೆವಾದಕರೊಬ್ಬರನ್ನು ಕೇಳಿಕೊಂಡು, ಅವರ ಮನೆಯ ಜಗಲಿಯಲ್ಲಿ ಒಂಟಿ ಪೆಟ್ಟುಗಳನ್ನು ಮುದ್ರಿಸಿದೆವು. ಮಳೆಗಾಲದ ತೇವಕ್ಕೆ ಚರ್ಮ ಸಡಿಲಾಗಿತ್ತು. ಎರಡು ಬಾರಿ ಬಿಗಿಯಬೇಕಾಯಿತು. ಚೆಂಡೆಯ ಪೆಟ್ಟುಗಳು ಸೊಗಸಾಗಿ ಬಂದವು. ಮದ್ದಳೆಯಲ್ಲಿ ಸೋತೆವು. ಬೆರಳನ್ನು ಚರ್ಮದ ಮೇಲೆ ಉಳಿಸಿಯೋ ಎತ್ತಿಯೋ ಹೊರಡಿಸುವ ನಾದ ಹಿಂದಿನ ಪೆಟ್ಟನ್ನು ಅವಲಂಬಿಸಿರುತ್ತದೆ. ಬಿಡಿಬಿಡಿಯಾಗಿ ಕತ್ತರಿಸಿದಾಗ ಅದು ಬರಿಯ ಟೊಳ್ಳು ಸದ್ದಾಯಿತು. ಮುದ್ರಣ ಕೇಳಿದ ವಾದಕರು, “ಚೆಂಡೆ ನನ್ನದೇ, ಮದ್ದಳೆ ಯಾರದೋ” ಎಂದು ನಕ್ಕರು. ಹೆಸರು ಹಾಕಲು ಒಪ್ಪಿಗೆ ಕೊಟ್ಟುದು ಚೆಂಡೆಗೆ ಮಾತ್ರ. ಅದರಂತೆ ಮದ್ದಳೆಯ ಕಡತಗಳನ್ನು ಅಳಿಸಿದ್ದೇವೆ. ಚೆಂಡೆಯವನ್ನು, ಅವರ ಷರತ್ತಿನ ಪ್ರಕಾರ ಹೆಸರು ಉಳಿಸಿಕೊಂಡು ಹಂಚುವುದಾದರೆ, ಕೇಳಿದವರಿಗೆ ಕೊಡುತ್ತೇವೆ.