ಪಾಲು ಕೇಳುವ ಪ್ರಾಯ

ಮಹಾಭಾರತವನ್ನು ತಲೆ ಮೇಲೆ ಹೊತ್ತು ತಿರುಗುವ ಪಂಡಿತರು ಆದಿಪರ್ವದ ಒಂದು ಮಾತನ್ನು ಬೇಗ ಬೇಗ ದಾಟಿಬಿಡುತ್ತಾರೆ. ಹಸ್ತಿನಾವತಿಯ ಅರಮನೆಯಲ್ಲಿ ಮೂವರು ಹುಡುಗರು ಪ್ರಾಯಕ್ಕೆ ಬಂದರು. ಹಿರಿಯವನು ಧೃತರಾಷ್ಟ್ರ, ಕಣ್ಣಿಲ್ಲ, ಆದ್ದರಿಂದ ರಾಜ್ಯವಿಲ್ಲ. ವಿದುರ ಶೂದ್ರ ಹೆಂಗಸಿನ ಮಗ, ಆದ್ದರಿಂದ ಅವನಿಗೂ ಇಲ್ಲ. ಉಳಿದವನು ಪಾಂಡು, ಅವನೇ ದೊರೆ. ಒಬ್ಬನನ್ನು ಅಂಗದ ಹೆಸರಲ್ಲಿ, ಇನ್ನೊಬ್ಬನನ್ನು ಹುಟ್ಟಿನ ಹೆಸರಲ್ಲಿ, ಒಂದೇ ಉಸಿರಿಗೆ ಆಚೆ ನೂಕಿದರು. ಪಾಂಡು ಕಾಡಿಗೆ ಹೋದ ಮೇಲೆ ಧೃತರಾಷ್ಟ್ರ ಗದ್ದುಗೆಯಲ್ಲಿ ಕೂತನಲ್ಲ ಅನ್ನಬಹುದು. ಕೂತ, ನಿಜ. ಪ್ರಾಯಕ್ಕೆ ಬಂದ ದಿನ ಕಿತ್ತುಕೊಂಡದ್ದು ಅದರಿಂದ ವಾಪಸ್ಸು ಬಂತೆ? ಆತನ ಕುರುಡನ್ನು ಪುತ್ರವ್ಯಾಮೋಹದ ಸಂಕೇತ ಮಾಡಿ ಊರೂರಲ್ಲಿ ಹರಿಕಥೆ ನಡೆದಿವೆ. ಆತನ ಪಾಲು ಹೋದದ್ದರ ಕಥೆಯನ್ನು ಹೇಳಿದವರೆಷ್ಟು ಜನ?

ಕರ್ಣನನ್ನು, ಏಕಲವ್ಯನನ್ನು ನಮ್ಮವರು ಅಂತ ಅಪ್ಪಿಕೊಂಡ ಬಂಡಾಯದ ಕಾವ್ಯ ಕೂಡ ಈ ಕುರುಡನ ಪಕ್ಕ ಅಷ್ಟಾಗಿ ಹೋಗಿ ಕೂತಿಲ್ಲ. ಕೂರಲೇಬೇಕಾದ ಕಾರಣ ಮನುಸ್ಮೃತಿಯಲ್ಲೇ ಇದೆ. ಅದರ ಒಂಬತ್ತನೆಯ ಅಧ್ಯಾಯ ತಂದೆಯ ಆಸ್ತಿ ಹಂಚುವ ಅಧ್ಯಾಯ. ಅಲ್ಲಿ ಪಾಲಿಲ್ಲದವರ ಪಟ್ಟಿ ಸಿಗುತ್ತೆ: ನಪುಂಸಕ, ಜಾತಿಯಿಂದ ಬಿದ್ದವನು, ಹುಟ್ಟುಕುರುಡ, ಹುಟ್ಟುಕಿವುಡ, ಹುಚ್ಚ, ಬುದ್ಧಿ ಬೆಳೆಯದವನು, ಮೂಕ, ಅಂಗವಿಲ್ಲದವನು. ಪತಿತನೂ ಕುರುಡನೂ ಒಂದೇ ಸಾಲು. ಮುಂದಿನ ಶ್ಲೋಕ ಇನ್ನೂ ಜಾಣತನದ್ದು. ಇವರಿಗೆಲ್ಲ ಬದುಕಿರುವ ತನಕ ಕೈಲಾದಷ್ಟು ಅನ್ನ ಬಟ್ಟೆ ಕೊಡಬೇಕಂತೆ, ಕೊಡದವನಿಗೆ ಪಾಪವಂತೆ. ಅಂದರೆ ಪಾಲು ಕೊಡಬೇಡ, ಅನ್ನ ಹಾಕು. ಯಜಮಾನಿಕೆ ಬಿಡಬೇಡ, ಪುಣ್ಯ ಕಟ್ಟಿಕೋ. ಈ ನಾಡಿನ ಕರುಣೆಯ ಬೇರು ಎಲ್ಲಿದೆ ಅಂತ ತಿಳಿಯಲು ಇದೊಂದೇ ಜಾಗ ಸಾಕು.

1927ರ ಡಿಸೆಂಬರ್ 25ರಂದು ಮಹಾಡದಲ್ಲಿ ಬಾಬಾಸಾಹೇಬರ ಮುಂದಾಳತ್ವದಲ್ಲಿ ಮನುಸ್ಮೃತಿ ಸುಟ್ಟಿತು. ಅದರ ಮರುವರ್ಷ, 1928ರಲ್ಲಿ, ರೋಗ ಮತ್ತು ಅಂಗವೈಕಲ್ಯದ ಕಾರಣಕ್ಕೆ ಹಿಂದೂ ವಾರಸುದಾರಿಕೆ ತಪ್ಪಿಸಬಾರದು ಎನ್ನುವ ಕಾಯ್ದೆ ಬಂತು. ಅದರಲ್ಲೂ ಹುಟ್ಟಿನಿಂದ ಬುದ್ಧಿ ಬೆಳೆಯದವರನ್ನು ಹೊರಗೇ ಇಟ್ಟರು. ಅವರಿಗೆ ಬಾಗಿಲು ತೆರೆದದ್ದು 1956ರ ಉತ್ತರಾಧಿಕಾರ ಕಾಯ್ದೆಯ 28ನೇ ಕಲಂ. ಕಾಗದದ ಮೇಲೆ ಮನು ಸತ್ತ. ಮನೆಯೊಳಗೆ ಸತ್ತನೇ, ಸಾಹಿತ್ಯದೊಳಗೆ ಸತ್ತನೇ ಎನ್ನುವುದೇ ಈ ಲೇಖನದ ಪ್ರಶ್ನೆ.

ಮೊದಲು ಪದಗಳನ್ನೇ ನೋಡಿ. ನಮ್ಮ ಜನಕ್ಕೆ ಗಾಂಧೀಜಿ 'ಹರಿಜನ' ಅಂತ ಹೆಸರಿಟ್ಟರು. ದೇವರ ಹೆಸರು ಕೊಟ್ಟು ನೀರಿನ ಪಾಲು ಕೊಡದ ಸಮಾಜಕ್ಕೆ ಆ ಹೆಸರು ಬಲು ಅನುಕೂಲವಾಯಿತು. ನಾವು ಅದನ್ನು ಕಿತ್ತೆಸೆದು ದಲಿತ ಅಂದೆವು. 2015ರ ಕೊನೆಯಲ್ಲಿ ಪ್ರಧಾನಿ ರೇಡಿಯೋದಲ್ಲಿ ಅಂಗವಿಕಲರನ್ನು 'ದಿವ್ಯಾಂಗ'ರು ಅನ್ನಬೇಕೆಂದರು. ಹಳೇ ಮದ್ದು, ಹೊಸ ಸೀಸೆ! ಬಸ್ಸಿನ ಮೆಟ್ಟಿಲು ಹತ್ತಲಾಗದ ಕಾಲಿನಲ್ಲಿ ದಿವ್ಯವಾದದ್ದೇನಿದೆ? ಕೆಳಗಿಳಿಸಬೇಕಾದದ್ದು ಮೆಟ್ಟಿಲನ್ನು, ಮೇಲೇರಿಸಿದ್ದು ಹೆಸರನ್ನು. ನಮ್ಮ ರಾಜ್ಯ ಸರ್ಕಾರದ ಪದ 'ವಿಕಲಚೇತನ' ಇದಕ್ಕಿಂತ ಕೆಟ್ಟದ್ದು. ಅಂಗವಿಕಲ ಅನ್ನುವಾಗ ಊನ ಅಂಗಕ್ಕಷ್ಟೇ ಇತ್ತು; ಈಗ ಚೇತನವೇ ಊನ ಅಂತ ಇಲಾಖೆಯ ಬೋರ್ಡಿನಲ್ಲೇ ಬರೆಸಿದ್ದಾರೆ.

ಸಾಹಿತ್ಯಕ್ಕೆ ಬರೋಣ. ಕನ್ನಡದ ಕತೆ ಸಿನಿಮಾಗಳಲ್ಲಿ ಅಂಗವಿಕಲರಿಗೆ ಸಾಮಾನ್ಯವಾಗಿ ಮೂರೇ ಪಾತ್ರ: ಹಿಂದಿನ ಜನ್ಮದ ಪಾಪ ತಿನ್ನುವವನು, ನಾಯಕನ ದೊಡ್ಡ ಮನಸ್ಸು ತೋರಿಸಲು ಬೇಕಾದ ತಂಗಿ, ಇಲ್ಲವೇ ಕೊನೇ ರೀಲಿನಲ್ಲಿ ಕಣ್ಣು ಬಂದು ನಮಗೆಲ್ಲ ಸಮಾಧಾನ ತರುವವಳು. ಮಂಥರೆಯನ್ನೇ ತಗೊಳ್ಳಿ. ಗೂನುಬೆನ್ನಿನ ಆ ಹೆಂಗಸಿಗೆ ಪರಂಪರೆ ಕೊಟ್ಟದ್ದು ಬರೀ ವಿಷ. ಕುವೆಂಪು 'ಶ್ರೀ ರಾಮಾಯಣ ದರ್ಶನಂ'ನಲ್ಲಿ ಆಕೆಗೆ ಹೃದಯ ಕೊಟ್ಟರು, ಭರತನ ಮೇಲಿನ ತಾಯ್ತನ ಕೊಟ್ಟರು. ಅದು ಸಣ್ಣ ಕೆಲಸವಲ್ಲ, ಶೂದ್ರ ಕವಿಯಿಂದಲೇ ಆಗಬೇಕಿದ್ದ ಕೆಲಸ. ಆದರೂ ಮಂಥರೆಯ ಪ್ರೀತಿ ಕೂಡ ಇನ್ನೊಬ್ಬರ ಮಗನಿಗೆ, ಇನ್ನೊಬ್ಬರ ಸಿಂಹಾಸನಕ್ಕೆ. ತನಗೆ ಅಂತ ಒಂದು ಕೋಣೆ, ಒಂದು ಸಂಸಾರ, ಒಂದು ಹಟ ಇರುವ ಮಂಥರೆಯನ್ನು ನಾವಿನ್ನೂ ಬರೆಯಬೇಕಾಗಿದೆ.

ನಮ್ಮ ವೇದಿಕೆಗಳೂ ಇದರಲ್ಲಿ ಶುದ್ಧವಲ್ಲ. 'ಕುರುಡು ವ್ಯವಸ್ಥೆ', 'ಕಿವುಡು ಸರ್ಕಾರ', 'ಕುಂಟು ನೆಪ' — ಭಾಷಣದಲ್ಲಿ ಚಪ್ಪಾಳೆ ಬೀಳುವ ಮಾತುಗಳಿವು. ಜಾತಿಯ ಹೆಸರನ್ನು ಬೈಗುಳ ಮಾಡಿದವರ ನಾಲಿಗೆ ಹಿಡಿದು ಕೇಳಿದ ಚಳವಳಿಗೆ ಇನ್ನೊಬ್ಬರ ಕಣ್ಣು ಕಿವಿ ಬೈಗುಳವಾಗುವುದು ಕಾಣಬಾರದೆ? ಸರ್ಕಾರಕ್ಕೆ ಕಿವಿ ಚೆನ್ನಾಗೇ ಕೇಳಿಸುತ್ತೆ ಕಣ್ರೀ, ಮನಸ್ಸಿಲ್ಲ ಅಷ್ಟೆ.

ಗದಗಿನ ವೀರೇಶ್ವರ ಪುಣ್ಯಾಶ್ರಮ ಇದಕ್ಕೆ ಬೇರೆಯಾದ ಒಂದು ಉದಾಹರಣೆ. ಪಂಚಾಕ್ಷರಿ ಗವಾಯಿಗಳಿಗೆ ಕಣ್ಣಿರಲಿಲ್ಲ, ಅವರ ನಂತರ ನಡೆಸಿದ ಪುಟ್ಟರಾಜ ಗವಾಯಿಗಳಿಗೂ ಇರಲಿಲ್ಲ. ಕಣ್ಣಿಲ್ಲದವರು ಕಣ್ಣಿಲ್ಲದ ಬಡ ಹುಡುಗರಿಗೆ ವಿದ್ಯೆ ಕೊಟ್ಟು, ಹಾಡಿ ಬಾರಿಸಿ ಅನ್ನ ದುಡಿಯುವಂತೆ ಮಾಡಿದರು. ಅದು ದೊಡ್ಡದು. ಆದರೆ ರಾಗ ಒಲಿಯದ ಕುರುಡ ಹುಡುಗ ಎಲ್ಲಿಗೆ ಹೋಗಬೇಕು? ಕಣ್ಣಿದ್ದವನು ಸಾಧಾರಣ ಗುಮಾಸ್ತನಾಗಿಯೂ ಬದುಕಬಹುದು. ಕಣ್ಣಿಲ್ಲದವನು ಮಾತ್ರ ಗವಾಯಿಯೇ ಆಗಬೇಕೆ? ಸಾಧಾರಣ ಮನುಷ್ಯನಾಗಿ ಬದುಕುವ ಹಕ್ಕು ಎಲ್ಲಕ್ಕಿಂತ ದೊಡ್ಡ ಹಕ್ಕು.

ಈ ಹಕ್ಕು ಮುರಿದುಬೀಳುವುದು ಹದಿನೆಂಟನೇ ವಯಸ್ಸಿನಲ್ಲಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪ್ರಕಾರ ಆರರಿಂದ ಹದಿನೆಂಟರ ತನಕ ಶಿಕ್ಷಣ ಪುಕ್ಕಟೆ. ಆಮೇಲೆ? ಉಳಿದ ಹುಡುಗರಿಗೆ ಆ ವಯಸ್ಸು ಹೊರಗೆ ಹೋಗುವ ಬಾಗಿಲು. ಇವರಿಗೆ ಅದು ಜಗುಲಿಗೆ ವಾಪಸ್ಸು ಬರುವ ಬಾಗಿಲು. ಬುದ್ಧಿ ಬೆಳವಣಿಗೆ ಕುಂಠಿತವಾದವರಿಗೆ, ಆಟಿಸಂ, ಸೆರೆಬ್ರಲ್ ಪಾಲ್ಸಿ ಇದ್ದವರಿಗೆ ಆ ವಯಸ್ಸಿನ ನಂತರ ಪೋಷಕರನ್ನು ನೇಮಿಸಲು 1999ರ ಒಂದು ಕಾಯ್ದೆ ಇದೆ. ತಂದೆತಾಯಿಯ ಭಯ ಅರ್ಥವಾಗುತ್ತೆ: ನಾವು ಸತ್ತ ಮೇಲೆ ಇದರ ಗತಿ ಏನು? ಆದರೆ ಆ ಭಯ ಹುಡುಗಿಯ ಹೆಬ್ಬೆಟ್ಟನ್ನು ಇನ್ನೊಬ್ಬರ ಕೈಗೆ ಕೊಟ್ಟರೆ ಮತ್ತೆ ಮನುವಿನ ಮನೆಗೇ ಬಂದ ಹಾಗಾಯಿತು. ಮಾಸಾಶನದ ಲೆಕ್ಕ ನೋಡಿ: ಬಡತನದ ರೇಖೆ ಕೆಳಗಿದ್ದು, ನೂರಕ್ಕೆ 80ರಷ್ಟು ವೈಕಲ್ಯ ಇದ್ದವರಿಗೆ ಕೇಂದ್ರ ಸರ್ಕಾರ ಕೊಡುವುದು ತಿಂಗಳಿಗೆ 300 ರೂಪಾಯಿ. ರಾಜ್ಯ ಇನ್ನಷ್ಟು ಸೇರಿಸುತ್ತೆ. ಸೇರಿಸಿದ ಮೇಲೂ ಅದು ಅನ್ನ ಬಟ್ಟೆಯೇ, ಪಾಲಲ್ಲ.

ನನ್ನ ಜೊತೆ ಹಾಸ್ಟೆಲ್ಲಿನಲ್ಲಿ ಓದಿದ ಊರುಗೋಲಿನ ಗೆಳೆಯನೊಬ್ಬ ಜೆರಾಕ್ಸ್ ಅಂಗಡಿ ಇಟ್ಟು ತಾಲ್ಲೂಕು ಪೇಟೆಯಲ್ಲಿ ಒಂದು ರೂಮು ಹುಡುಕಿದ. ಮನೆ ಓನರು ಮೊದಲು ಕೇಳಿದ್ದು, "ನೀವು ಯಾವ ಜನ?" ಆಮೇಲೆ ಕೇಳಿದ್ದು, "ನಿನ್ನ ನೋಡ್ಕೊಳ್ಳೋರು ಯಾರಪ್ಪ?" ಮೊದಲ ಪ್ರಶ್ನೆಗೆ ಅವನು ಸಿಟ್ಟಾದ, ಆ ಸಿಟ್ಟಿಗೆ ನಮ್ಮ ಸಂಘಟನೆ ಮಾತು ಕೊಟ್ಟಿತ್ತು. ಎರಡನೆಯದಕ್ಕೆ ತಲೆ ತಗ್ಗಿಸಿದ. ಅದಕ್ಕೆ ಇನ್ನೂ ಯಾರೂ ಮಾತು ಕೊಟ್ಟಿರಲಿಲ್ಲ.

ಆ ಮಾತನ್ನು ಕಟ್ಟಿದವರು ಬೇರೆ ದೇಶದಲ್ಲಿದ್ದಾರೆ. ಅಮೆರಿಕದ ಎಡ್ ರಾಬರ್ಟ್ಸ್‌ಗೆ ಪೋಲಿಯೋ ಹೊಡೆದು ಕತ್ತಿನ ಕೆಳಗೆ ಮೈ ಹೆಚ್ಚುಕಮ್ಮಿ ನಿಂತುಹೋಗಿತ್ತು, ಉಸಿರಿಗೆ ಕಬ್ಬಿಣದ ಯಂತ್ರ ಬೇಕಿತ್ತು. 1962ರಲ್ಲಿ ಬರ್ಕ್ಲಿಯ ವಿಶ್ವವಿದ್ಯಾಲಯ ಸೇರಿದಾಗ ಅವನಿಗೆ ಸಿಕ್ಕಿದ್ದು ಹಾಸ್ಟೆಲ್ ಅಲ್ಲ, ಆಸ್ಪತ್ರೆಯ ಕೋಣೆ. ಅವನೂ ಅವನ ಗೆಳೆಯರೂ ಕಟ್ಟಿದ ಚಳವಳಿಯಿಂದ 1972ರಲ್ಲಿ ಸ್ವತಂತ್ರ ಬದುಕಿನ ಕೇಂದ್ರ ಹುಟ್ಟಿತು. ಅವರು ಹೇಳಿದ್ದು ಇಷ್ಟು: ಸ್ವತಂತ್ರ ಅಂದರೆ ಯಾರ ಸಹಾಯವೂ ಇಲ್ಲದೆ ಅಂಗಿ ಹಾಕಿಕೊಳ್ಳುವುದಲ್ಲ, ಯಾವ ಅಂಗಿ, ಯಾವಾಗ, ಯಾರ ಸಹಾಯದಿಂದ ಅಂತ ತಾನೇ ತೀರ್ಮಾನಿಸುವುದು. ಬಟ್ಟೆ ಒಗೆಯಲು, ಅಡಿಗೆಗೆ, ಕಾರು ಓಡಿಸಲು ಆಳಿಟ್ಟುಕೊಂಡ ಸಾಹುಕಾರನನ್ನು ಯಾರೂ ಪರಾವಲಂಬಿ ಅನ್ನುವುದಿಲ್ಲವಲ್ಲ!

ಅದೇ 1972ರಲ್ಲಿ ಮುಂಬೈಯಲ್ಲಿ ದಲಿತ ಪ್ಯಾಂಥರ್ಸ್ ಹುಟ್ಟಿತು, ಹೆಸರು ತಗೊಂಡದ್ದು ಅಮೆರಿಕದ ಕರಿಯರ ಬ್ಲ್ಯಾಕ್ ಪ್ಯಾಂಥರ್ಸ್‌ನಿಂದ. ಐದು ವರ್ಷದ ನಂತರ, 1977ರ ಏಪ್ರಿಲ್‌ನಲ್ಲಿ, ಸ್ಯಾನ್ ಫ್ರಾನ್ಸಿಸ್ಕೋದ ಸರ್ಕಾರಿ ಕಚೇರಿಯೊಂದರಲ್ಲಿ ನೂರಕ್ಕೂ ಹೆಚ್ಚು ಅಂಗವಿಕಲರು ತಮ್ಮ ಹಕ್ಕಿನ ಕಾಯ್ದೆ ಜಾರಿಗಾಗಿ ಧರಣಿ ಕೂತು ಮೂರು ವಾರ ದಾಟಿಸಿದರು. ಅವರಿಗೆ ಒಳಗೆ ಬಿಸಿ ಊಟ ಹೊತ್ತು ತಂದವರು ಅದೇ ಬ್ಲ್ಯಾಕ್ ಪ್ಯಾಂಥರ್ಸ್. ಗಾಲಿಕುರ್ಚಿಯ ಬ್ರಾಡ್ ಲೋಮ್ಯಾಕ್ಸ್ ಎನ್ನುವ ಪ್ಯಾಂಥರ್ ಸ್ವತಃ ಧರಣಿಯಲ್ಲಿದ್ದ. ಆ ಊಟ ಮನು ಹೇಳಿದ ಅನ್ನವಲ್ಲ. ಪಾಲು ಕೇಳುವವರು ಪಾಲು ಕೇಳುವವರಿಗೆ ತಂದ ಬುತ್ತಿ. ಧರಣಿ ಗೆದ್ದಿತು. ಪ್ಯಾಂಥರ್ ಹೆಸರು ಈ ದೇಶಕ್ಕೆ ಬಂತು, ಬುತ್ತಿಯ ಕಥೆ ಬರಲಿಲ್ಲ.

ಈಗ ತರೋಣ. 2016ರ ಕಾಯ್ದೆಯ 5ನೇ ಕಲಂ ಸಮುದಾಯದ ನಡುವೆ ಬದುಕುವ ಹಕ್ಕು ಕೊಡುತ್ತೆ. 34ನೇ ಕಲಂ ಸರ್ಕಾರಿ ಕೆಲಸದಲ್ಲಿ ನೂರಕ್ಕೆ 4 ಅನ್ನುತ್ತೆ. 37ನೇ ಕಲಂ ಸರ್ಕಾರ ಭೂಮಿ, ಮನೆ ಹಂಚುವಾಗ ನೂರಕ್ಕೆ 5 ಅನ್ನುತ್ತೆ, ಹೆಂಗಸರಿಗೆ ಮೊದಲು ಅನ್ನುತ್ತೆ. ಇದು ಪಾಲು! ಭೂಮಿಗಾಗಿ ಧರಣಿ ಕೂತು ಗೊತ್ತಿರುವ ನಮಗೆ 37ನೇ ಕಲಂ ಓದಲು ಯಾರೂ ಕಲಿಸಬೇಕಾಗಿಲ್ಲ. 2011ರ ಜನಗಣತಿಯಲ್ಲಿ ಈ ರಾಜ್ಯದಲ್ಲೇ 13 ಲಕ್ಷಕ್ಕೂ ಹೆಚ್ಚು ಅಂಗವಿಕಲರ ಲೆಕ್ಕ ಸಿಕ್ಕಿದೆ. ಅವರಲ್ಲಿ ನಮ್ಮ ಕೇರಿಯವರು ಎರಡು ಹೊಸ್ತಿಲು ದಾಟಬೇಕು.

ಮೇಷ್ಟ್ರುಗಳೇ, ನಿಮ್ಮ ಶಾಲೆ ಬಿಟ್ಟ ಆ ಹುಡುಗಿ ಈಗ ಎಲ್ಲಿದ್ದಾಳೆ ಅಂತ ಒಮ್ಮೆ ಕೇಳಿ. ಆಕೆಯ ಪಾಸ್‌ಬುಕ್ ಯಾರ ಟ್ರಂಕಿನಲ್ಲಿದೆ ಅಂತಲೂ ಕೇಳಿ. ಕಾರ್ಯಕರ್ತರೇ, ಮುಂದಿನ ನಿವೇಶನದ ಅರ್ಜಿಯಲ್ಲಿ ಆಕೆಯ ಹೆಸರು ಆಕೆಯದೇ ಹೆಸರಾಗಿ ಇರಲಿ, ಅಣ್ಣನ ಹೆಸರಿನ ಬಾಲವಾಗಿ ಅಲ್ಲ. ಕವಿಗಳೇ, ಆಕೆಯ ಮೇಲೆ ಮರುಕದ ಪದ್ಯ ಇನ್ನು ಸಾಕು. ಆಕೆ ಬರೆಯುತ್ತಾಳೆ, ಈ ಪುಟಗಳಲ್ಲಿ ಜಾಗ ಬಿಡಿ. ಅದೂ ಪಾಲೇ.