ಮನೆಯೊಡತಿಗೆ ಇಂಗ್ಲಿಷ್ ಇಟ್ಟ ಹೆಸರುಗಳು

ಮಗುವನ್ನು ಶಾಲೆಗೆ ಸೇರಿಸುವ ಅರ್ಜಿಯಲ್ಲಿ, ಬ್ಯಾಂಕಿನ ನಮೂನೆಯಲ್ಲಿ, ಮದುವೆಯ ಜಾಹೀರಾತಿನಲ್ಲಿ ಮೊದಲು ‘ಹೌಸ್‌ವೈಫ್’ ಎಂದು ಬರೆಯುತ್ತಿದ್ದ ಜಾಗದಲ್ಲಿ ಈಗ ‘ಹೋಮ್‌ಮೇಕರ್’ ಬಂದು ಕೂತಿದೆ. 2023ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟು ಹೆಣ್ಣಿನ ಬಗೆಗಿನ ಪೂರ್ವಗ್ರಹದ ಮಾತುಗಳನ್ನು ನ್ಯಾಯಾಲಯದ ಭಾಷೆಯಿಂದ ತೆಗೆದುಹಾಕಲು ಒಂದು ಕೈಪಿಡಿ ಹೊರತಂದಿತು. ಅದು ಕೂಡ ಮೊದಲ ಪದವನ್ನು ಬಿಟ್ಟು ಎರಡನೆಯದನ್ನು ಬಳಸಿರೆಂದು ಸೂಚಿಸುತ್ತದೆ. ಉದ್ದೇಶದ ಬಗ್ಗೆ ತಕರಾರಿಲ್ಲ. ಆದರೆ ಹೆಸರು ಬದಲಾದಾಗ ಆ ಹೆಸರು ಹೊತ್ತವಳ ಬದುಕಿನಲ್ಲಿ ಬದಲಾದದ್ದೇನು ಎಂದು ಕೇಳದೆ ಇರುವುದು ಹೇಗೆ? ಮನೆಯೊಳಗೆ ದುಡಿಯುವವರಿಗೆ ಹೆಸರಿಡುವ, ಇಟ್ಟ ಹೆಸರನ್ನು ಕೆಡಿಸುವ, ಮತ್ತೆ ಹೊಸದನ್ನು ಹುಡುಕುವ ಕೆಲಸವನ್ನು ಇಂಗ್ಲಿಷ್ ಭಾಷೆ ಸಾವಿರ ವರ್ಷದಿಂದ ಮಾಡಿಕೊಂಡು ಬಂದಿದೆ. ನಾವು ಆ ಸಾಲಿನ ಕೊನೆಯ ಹೆಸರನ್ನು ಮಾತ್ರ ತಂದುಕೊಂಡಿದ್ದೇವೆ.

ಹಳೆಯ ಇಂಗ್ಲಿಷಿನ ಮನೆ ರೊಟ್ಟಿಯ ಸುತ್ತ ಕಟ್ಟಿದ ಮನೆ. ರೊಟ್ಟಿಗೆ ‘ಹ್ಲಾಫ್’ ಎನ್ನುತ್ತಿದ್ದರು. ಇಂದಿನ ‘ಲೋಫ್’ ಅದರ ಮಗಳು. ರೊಟ್ಟಿಯನ್ನು ಕಾಯುವವನು ‘ಹ್ಲಾಫ್‌ವೆಯರ್ಡ್’. ಈ ಪದ ನಾಲಿಗೆಯ ಮೇಲೆ ಸವೆದು ಸವೆದು ‘ಲಾರ್ಡ್’ ಆಯಿತು. ಅದಕ್ಕಾಗಿ ಹಿಟ್ಟು ನಾದುವವಳ ಹೆಸರು ಸವೆದು ‘ಲೇಡಿ’ ಆಯಿತು. ಇಬ್ಬರೂ ಒಂದೇ ಹಿಟ್ಟಿನಿಂದ ಎದ್ದವರು. ಆದರೆ ವ್ಯತ್ಯಾಸ ನೋಡಿ: ಕಾಯುವವನು ಕಾಯುತ್ತಲೇ ದೊಡ್ಡವನಾದ. ನಾದುವವಳು ದೊಡ್ಡವಳಾಗಬೇಕಾದರೆ ನಾದುವುದನ್ನು ನಿಲ್ಲಿಸಬೇಕಾಯಿತು. ಹಿಟ್ಟಿಗೆ ಕೈ ಹಾಕದವಳೇ ಲೇಡಿ ಎಂಬ ಅರ್ಥ ಗಟ್ಟಿಯಾಯಿತು. ನಾದುವ ಕೆಲಸ ನಿಲ್ಲುವಂಥದ್ದಲ್ಲವಲ್ಲ, ಅದು ‘ಮೇಡ್’ ಎಂಬವಳ ಪಾಲಿಗೆ ಬಂತು. ಆ ಪದಕ್ಕೆ ಮೂಲದಲ್ಲಿದ್ದ ಅರ್ಥ ಮದುವೆಯಾಗದ ಹುಡುಗಿ ಎಂದಷ್ಟೇ.

‘ಹಸ್ಬಂಡ್’ ನಾರ್ಸ್ ಭಾಷೆಯಿಂದ ಬಂದ ಪದ. ಮನೆ ಹೂಡಿ ನೆಲೆಸಿದವನು ಎಂದರ್ಥ. ಅದರಿಂದಲೇ ಬೇಸಾಯಕ್ಕೆ ‘ಹಸ್ಬಂಡ್ರಿ’ ಎಂಬ ಹೆಸರು ಬಂತು. ಕನ್ನಡದ ಒಕ್ಕಲು, ಒಕ್ಕಲುತನಗಳ ದಾರಿಯೂ ಇದೇ. ಅವನ ಜೋಡಿಯಾಗಿ ಹದಿಮೂರನೇ ಶತಮಾನದ ಹೊತ್ತಿಗೆ ‘ಹೌಸ್‌ವೈಫ್’ ಬಂದಳು. ಆಗ ‘ವೈಫ್’ ಎಂದರೆ ಹೆಂಡತಿ ಮಾತ್ರವಲ್ಲ, ಹೆಂಗಸು. ಸೂಲಗಿತ್ತಿಯನ್ನು ಹೇಳುವ ‘ಮಿಡ್‌ವೈಫ್’ನಲ್ಲಿ ಆ ಹಳೆಯ ಅರ್ಥ ಇವತ್ತಿಗೂ ಉಳಿದಿದೆ. ಅಂದರೆ ಹೌಸ್‌ವೈಫ್ ಎಂದರೆ ಮನೆವಾರ್ತೆ ನಡೆಸುವ ಹೆಂಗಸು. ದನ, ಕೋಳಿ, ಹಾಲು ಬೆಣ್ಣೆ, ನೂಲು, ಮದ್ದು ಎಲ್ಲ ಅವಳ ಆಡಳಿತಕ್ಕೆ ಸೇರಿದ್ದವು. ಜನ ಈ ಪದವನ್ನು ‘ಹಸ್ಸಿಫ್’ ಎಂದು ಉಚ್ಚರಿಸಿ, ಮತ್ತೂ ಮೊಟಕು ಮಾಡಿ ‘ಹಸ್ಸಿ’ ಎಂದರು. ಹದಿನೇಳು ಹದಿನೆಂಟನೇ ಶತಮಾನಗಳಲ್ಲಿ ಈ ‘ಹಸ್ಸಿ’ ನಡತೆಗೆಟ್ಟವಳು ಎಂಬ ಬೈಗುಳವಾಯಿತು. ಮರ್ಯಾದಸ್ಥ ಮನೆಯವರು ಗಾಬರಿಯಾಗಿ ಹಳೆಯ ಪದವನ್ನು ಮತ್ತೆ ಬಿಡಿಸಿ ‘ಹೌಸ್‌ವೈಫ್’ ಎಂದು ಸ್ಪಷ್ಟವಾಗಿ ಉಚ್ಚರಿಸತೊಡಗಿದರು. ಒಂದೇ ಹೆಂಗಸು ಎರಡು ಪದಗಳಾಗಿ ಒಡೆದದ್ದು ಹೀಗೆ. ಬ್ರಿಟಿಷ್ ಸಿಪಾಯಿಗಳ ಗಂಟಿನಲ್ಲಿರುತ್ತಿದ್ದ ಸೂಜಿ, ದಾರ, ಗುಂಡಿಯ ಪುಟ್ಟ ಚೀಲಕ್ಕೂ ‘ಹೌಸ್‌ವೈಫ್’ ಎಂದೇ ಹೆಸರು! ಯುದ್ಧಕ್ಕೆ ಹೋದವನಿಗೆ ಮನೆಯಲ್ಲಿ ಬಿಟ್ಟುಬಂದವಳ ಯಾವ ಗುಣ ನೆನಪಾಗುತ್ತಿತ್ತು ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

‘ಸ್ಪಿನ್‌ಸ್ಟರ್’ ಪದದ ಗತಿಯೂ ಬೇರೆಯಲ್ಲ. ಹದಿನಾಲ್ಕನೇ ಶತಮಾನದಲ್ಲಿ ಅದಕ್ಕೆ ನೂಲುವವಳು ಎಂದರ್ಥ. ಅದು ಕಸುಬಿನ ಹೆಸರು. ಹದಿನೇಳನೇ ಶತಮಾನದಲ್ಲಿ ಮದುವೆಯಾಗದವಳನ್ನು ಕಾನೂನಿನ ಕಾಗದಗಳಲ್ಲಿ ಗುರುತಿಸುವ ಪದವಾಯಿತು. ಆಮೇಲೆ ವಯಸ್ಸಾದರೂ ಗಂಡು ಸಿಗದವಳು ಎಂಬ ಕುಹಕ ಅದಕ್ಕೆ ಅಂಟಿಕೊಂಡಿತು. ನೂಲಿದ್ದು ಮರೆತುಹೋಯಿತು, ಮದುವೆಯಾಗದ್ದು ಮಾತ್ರ ಉಳಿಯಿತು. ಇಂಗ್ಲೆಂಡಿನ ಮದುವೆ ದಾಖಲೆಗಳಿಂದ ಈ ಪದವನ್ನು ಕೈಬಿಟ್ಟದ್ದು 2005ರಲ್ಲಿ. ಗಂಡಸಿನ ‘ಬ್ಯಾಚುಲರ್’ ಕೂಡ ಅದರೊಂದಿಗೇ ಹೋಯಿತು ಎನ್ನಿ. ಆದರೆ ಆ ಪದಕ್ಕೆ ಇಷ್ಟು ದಿನ ಯಾವ ಅವಮಾನವೂ ಅಂಟಿರಲಿಲ್ಲ.

ಇವೆಲ್ಲದರ ನಡುವೆ ನನಗೆ ಪ್ರಾಮಾಣಿಕವಾಗಿ ಕಾಣುವ ಒಂದು ಪದವಿದೆ, ‘ಚೋರ್’. (ನಮ್ಮ ಉರ್ದುವಿನ ಕಳ್ಳನಿಗೂ ಇದಕ್ಕೂ ಸಂಬಂಧವಿಲ್ಲ.) ಇದರ ಮೂಲ ಅರ್ಥ ತಿರುಗು, ಸರದಿ. ದಿನದ ಸರದಿಯ ಮೇಲೆ ಬಂದು ನೆಲ ತಿಕ್ಕಿ ಹೋಗುವವಳನ್ನು ‘ಚಾರ್‌ವುಮನ್’ ಎಂದದ್ದೂ ಈ ಮೂಲದಿಂದಲೇ. ಮಾಡಿದಷ್ಟೂ ತಿರುಗಿ ಬರುವುದು, ಬೆಳಿಗ್ಗೆ ತೊಳೆದಿಟ್ಟ ತಟ್ಟೆ ಮಧ್ಯಾಹ್ನಕ್ಕೆ ಮತ್ತೆ ಮುಸುರೆಯಾಗುವುದು ಈ ಕೆಲಸದ ಸ್ವಭಾವ. ನಮ್ಮ ‘ಕಸಮುಸುರೆ’ ಎಂಬ ಜೋಡುಪದ ಕೆಲಸದ ವಸ್ತುವನ್ನು ಹೇಳುತ್ತದೆ; ಇಂಗ್ಲಿಷಿನ ಈ ಪದ ಅದರ ಕಾಲವನ್ನು ಹೇಳುತ್ತದೆ.

ಇನ್ನು ‘ಹೌಸ್‌ವರ್ಕ್’. ಎಷ್ಟೋ ಹಳೆಯದೆಂದು ನಾವು ತಿಳಿದಿರುವ ಈ ಪದ ಇಂಗ್ಲಿಷಿನಲ್ಲಿ ರೂಢಿಗೆ ಬಂದದ್ದು ಹತ್ತೊಂಬತ್ತನೇ ಶತಮಾನದಲ್ಲಿ. ಅಮೆರಿಕದ ಇತಿಹಾಸಕಾರ್ತಿ ರೂತ್ ಶ್ವಾರ್ಟ್ಸ್ ಕೋವನ್ 1983ರ ತಮ್ಮ ‘ಮೋರ್ ವರ್ಕ್ ಫಾರ್ ಮದರ್’ ಪುಸ್ತಕದಲ್ಲಿ ಇದನ್ನು ಗಮನಿಸಿದ್ದಾರೆ. ಎಲ್ಲ ಕೆಲಸವೂ ಮನೆಯಲ್ಲೇ ನಡೆಯುವಾಗ ಮನೆಗೆಲಸ ಎಂಬ ಬೇರೆ ಹೆಸರಿನ ಅಗತ್ಯವಿರಲಿಲ್ಲ. ಗಂಡಸು ಕಾರ್ಖಾನೆಗೆ ಹೊರಟ ಮೇಲೆ ಉಳಿದದ್ದಕ್ಕೆ ಆ ಹೆಸರು ಬಂತು. ಕೋವನ್ ಅವರ ವಾದದ ತಿರುಳು ಕುತೂಹಲಕರವಾಗಿದೆ. ಕಬ್ಬಿಣದ ಒಲೆ ಬಂದಾಗ ಕಡಿಯಬೇಕಾದ ಸೌದೆ ಕಡಿಮೆಯಾಯಿತು. ಅದು ಗಂಡಸಿನ ಕೆಲಸ. ಗಿರಣಿಯ ಹಿಟ್ಟು ಅಂಗಡಿಗೆ ಬಂದಾಗ ಧಾನ್ಯವನ್ನು ಹೊತ್ತು ಬೀಸಿಸಿ ತರುವುದು ತಪ್ಪಿತು. ಅದೂ ಗಂಡಸಿನ ಕೆಲಸವೇ. ಅಡುಗೆ ಮಾತ್ರ ತಪ್ಪಲಿಲ್ಲ. ಬದಲಿಗೆ ನಯವಾದ ಹಿಟ್ಟಿನ ರೊಟ್ಟಿ, ಕೇಕು, ಒಂದರ ಬದಲು ಮೂರು ಬಗೆ ಎಂದು ಬೆಳೆಯಿತು. ಕೈಗಾರಿಕೆ ಮೊದಲು ಬಿಡುಗಡೆ ಮಾಡಿದ್ದು ಮನೆಯ ಗಂಡಸು ಮತ್ತು ಮಕ್ಕಳನ್ನು ಎಂಬುದು ಅವರ ವಾದ.

ಆದರೆ ಈ ವಾದವನ್ನು ಇಡಿಯಾಗಿ ನಮ್ಮ ಮನೆಗೆ ತರುವುದು ಸರಿಯಲ್ಲ. ನಮ್ಮಲ್ಲಿ ಭತ್ತ ಕುಟ್ಟಿದವರು, ರಾಗಿ ಬೀಸಿದವರು, ಗುಡ್ಡದಿಂದ ಸೌದೆಯ ಹೊರೆ ಹೊತ್ತವರು ಹೆಚ್ಚಾಗಿ ಹೆಂಗಸರೇ. ರೈಸ್ ಮಿಲ್ಲು, ಗ್ರೈಂಡರು, ಗ್ಯಾಸ್ ಸಿಲಿಂಡರುಗಳು ನಮ್ಮ ತಾಯಂದಿರ ರಟ್ಟೆಗೆ ಕೊಟ್ಟ ವಿಶ್ರಾಂತಿ ದೊಡ್ಡದು. ಹಾಗೆಂದು ಕೆಲಸ ಹಂಚಿಕೆಯಾಯಿತೇ? ಕೇಂದ್ರ ಸರ್ಕಾರದ 2019ರ ಸಮಯ ಬಳಕೆ ಸಮೀಕ್ಷೆಯ ಪ್ರಕಾರ ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗುವ ಹೆಂಗಸರು ದಿನಕ್ಕೆ ಸರಾಸರಿ 299 ನಿಮಿಷ ಅದಕ್ಕೆ ಕೊಡುತ್ತಾರೆ, ತೊಡಗುವ ಗಂಡಸರು 97 ನಿಮಿಷ. ‘ತೊಡಗುವ’ ಎಂಬ ಮಾತನ್ನು ಗಮನಿಸಬೇಕು. ಹೆಂಗಸರಲ್ಲಿ ನೂರಕ್ಕೆ 81 ಮಂದಿ ತೊಡಗುತ್ತಾರೆ, ಗಂಡಸರಲ್ಲಿ 26 ಮಂದಿ.

ಈ 299 ನಿಮಿಷ ಯಾವ ಲೆಕ್ಕಕ್ಕೆ ಸೇರುತ್ತದೆ? ವಿಪರ್ಯಾಸವೆಂದರೆ ‘ಎಕಾನಮಿ’ ಪದದ ಗ್ರೀಕ್ ಮೂಲದ ಅರ್ಥವೇ ಮನೆವಾರ್ತೆ. ಮನೆಯಿಂದ ಹುಟ್ಟಿದ ಆ ಶಾಸ್ತ್ರ ಮನೆಯನ್ನೇ ಹೊರಗಿಟ್ಟಿತು. ಒಬ್ಬಾತ ತನ್ನ ಮನೆ ನೋಡಿಕೊಳ್ಳುವ ಸಂಬಳದವಳನ್ನು ಮದುವೆಯಾದರೆ ದೇಶದ ಆದಾಯ ಅಷ್ಟು ಕಡಿಮೆಯಾಗುತ್ತದೆ ಎಂದು ಅರ್ಥಶಾಸ್ತ್ರಜ್ಞ ಪಿಗು 1920ರಲ್ಲೇ ಈ ಲೆಕ್ಕದ ವೈಚಿತ್ರ್ಯವನ್ನು ತೋರಿಸಿದ್ದರು. ಇವತ್ತಿಗೂ ರಾಷ್ಟ್ರೀಯ ಲೆಕ್ಕಪತ್ರದ ನಿಯಮ ಅದೇ. ಮನೆಯ ಊಟಕ್ಕೆಂದು ಬೆಳೆದ ಭತ್ತ ಉತ್ಪಾದನೆ, ಅದನ್ನು ಬೇಯಿಸಿದ ಅನ್ನ ಅಲ್ಲ.

ನಮ್ಮಲ್ಲಿ ಗೃಹಿಣಿಯ ಕೆಲಸಕ್ಕೆ ಬೆಲೆ ಕಟ್ಟುವ ಒಂದು ಜಾಗವಿದೆ, ಅವಳು ಸತ್ತ ಮೇಲೆ. ಅಪಘಾತ ಪರಿಹಾರದ ಮೊಕದ್ದಮೆಗಳಲ್ಲಿ ‘ಈಕೆ ಏನು ದುಡಿಯುತ್ತಿದ್ದಳು’ ಎಂಬ ಪ್ರಶ್ನೆ ಎದ್ದಾಗಲೇ ನ್ಯಾಯಾಲಯಗಳು ಅಡುಗೆಮನೆಯ ಕಡೆ ನೋಡಿದ್ದು. 1989ರಲ್ಲಿ ಜಮ್ಷೆಡ್‌ಪುರದಲ್ಲಿ ನಡೆದ ಬೆಂಕಿ ದುರಂತದ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2001ರಲ್ಲಿ ಗೃಹಿಣಿಯ ಸೇವೆಗೆ ತಿಂಗಳಿಗೆ 3000 ರೂಪಾಯಿ ಎಂದು ಅಂದಾಜು ಕಟ್ಟಿತು. 2010ರ ಅರುಣ್ ಕುಮಾರ್ ಅಗ್ರವಾಲ್ ಪ್ರಕರಣದ ತೀರ್ಪು, ಜನಗಣತಿಯಲ್ಲಿ ಗೃಹಿಣಿಯರನ್ನು ಭಿಕ್ಷುಕರು ಮತ್ತು ಕೈದಿಗಳ ಜೊತೆ ಒಂದೇ ಸಾಲಿನಲ್ಲಿ ದುಡಿಯದವರೆಂದು ಕೂರಿಸಿದ್ದನ್ನು ಕಟುವಾಗಿ ಟೀಕಿಸಿತು. 2021ರ ಕೀರ್ತಿ ಪ್ರಕರಣದಲ್ಲಿ ನ್ಯಾಯಾಲಯ ಮೇಲೆ ಹೇಳಿದ ಸಮಯ ಸಮೀಕ್ಷೆಯನ್ನೇ ಮುಂದಿಟ್ಟುಕೊಂಡು ಮಾತಾಡಿತು. ಇವೆಲ್ಲ ಒಳ್ಳೆಯ ತೀರ್ಪುಗಳು. ಆದರೆ ಪ್ರತಿಯೊಂದರಲ್ಲೂ ಹಣ ಸೇರಬೇಕಾದ ಹೆಂಗಸು ಇಲ್ಲ.

‘ಹೋಮ್‌ಮೇಕರ್’ ಬಗ್ಗೆ ನನಗಿರುವ ಅಸಮಾಧಾನ ಇಲ್ಲಿಂದ ಹುಟ್ಟಿದ್ದು. ಹತ್ತೊಂಬತ್ತನೇ ಶತಮಾನದ ಕೊನೆಯ ಅಮೆರಿಕದಲ್ಲಿ, ಮನೆವಾರ್ತೆಯನ್ನು ಶಾಸ್ತ್ರವಾಗಿ ಕಲಿಸಬೇಕೆಂಬ ಚಳವಳಿಯ ಕಾಲದಲ್ಲಿ ಬಲ ಪಡೆದ ಪದ ಇದು. ‘ವೈಫ್’ ಎಂಬುದನ್ನು ಬಿಟ್ಟು ‘ಮೇಕರ್’ ಎಂಬುದನ್ನು ಹಿಡಿಯುತ್ತದೆ. ಗಂಡನ ನೆಂಟಸ್ತಿಕೆಯಿಂದಲ್ಲ, ಮಾಡುವ ಕೆಲಸದಿಂದ ಗುರುತಿಸುತ್ತದೆ. ಇದು ಅದರ ಹೆಚ್ಚುಗಾರಿಕೆ. ಕೊರತೆಯೆಂದರೆ ಅದು ಕಟ್ಟುವುದು ಮನೆಯೆಂಬ ಭಾವನೆಯನ್ನು. ನೆಲ ಒರೆಸುವುದು, ಬಟ್ಟೆ ಒಗೆಯುವುದು, ರಾತ್ರಿಯೆಲ್ಲ ಕೂತು ಅತ್ತೆಗೆ ಔಷಧಿ ಕೊಡುವುದು ಅದರೊಳಗೆ ಕಾಣಿಸುವುದಿಲ್ಲ. ಗೌರವ ಕೊಟ್ಟಂತಾಯಿತು, ಸಮಯವನ್ನಾಗಲಿ ದುಡ್ಡನ್ನಾಗಲಿ ಕೊಡಬೇಕಾಗಲಿಲ್ಲ. ಕನ್ನಡದ ‘ಗೃಹಲಕ್ಷ್ಮಿ’ಗೂ ಇದೇ ತೊಡಕಿತ್ತು. ಆದರೆ 2023ರಲ್ಲಿ ಕರ್ನಾಟಕ ಸರ್ಕಾರ ಅದೇ ಹೆಸರಿನ ಯೋಜನೆಯಲ್ಲಿ ಮನೆಯ ಯಜಮಾನಿಯ ಖಾತೆಗೆ ತಿಂಗಳಿಗೆ 2000 ರೂಪಾಯಿ ಹಾಕಲು ಶುರುಮಾಡಿದಾಗ ಆ ಪದಕ್ಕೆ ಮೊದಲ ಬಾರಿಗೆ ಒಂದು ಅಂಕಿ ಸೇರಿತು. ಅದು ಕೂಲಿಯಲ್ಲ, ನೆರವು. ಆದರೂ ಬರಿಯ ಹೊಗಳಿಕೆಗಿಂತ ಮೇಲು.

ಮರ್ಯಾದೆಯ ಪದಗಳಿಗಿಂತ ನಮಗೆ ಬೇಕಾದದ್ದು ಮತ್ತೊಂದು ಬಗೆಯ ಪದ. ಅದೂ ಇಂಗ್ಲಿಷಿನಲ್ಲೇ ಇದೆ: ‘ಹೋಮ್ ವರ್ಕರ್’. ಈಗ ಮಕ್ಕಳ ಪಾಠಕ್ಕೆ ಅಂಟಿಕೊಂಡಿರುವ ‘ಹೋಮ್‌ವರ್ಕ್’ಗೆ ಮೊದಲಿದ್ದ ಅರ್ಥ ಮನೆಯಲ್ಲಿ ಕೂತು ಮಾಡುವ ದುಡಿಮೆ ಎಂದೇ. ಇಂಗ್ಲೆಂಡಿನ ಬಡವರ ಕೋಣೆಗಳಲ್ಲಿ ಹೆಂಗಸರು ಬೆಂಕಿಪೆಟ್ಟಿಗೆ ಅಂಟಿಸುತ್ತ, ಅಂಗಿ ಹೊಲಿಯುತ್ತ, ಬಿಡಿಗೆ ಇಷ್ಟೆಂದು ಪುಡಿಗಾಸು ಪಡೆಯುತ್ತಿದ್ದರು. 1906ರಲ್ಲಿ ‘ಡೈಲಿ ನ್ಯೂಸ್’ ಪತ್ರಿಕೆ ಲಂಡನ್ನಿನಲ್ಲಿ ಇಂಥ ದುಡಿಮೆಯದೇ ಒಂದು ಪ್ರದರ್ಶನ ಏರ್ಪಡಿಸಿ, ಅನುಕೂಲಸ್ಥರಿಗೆ ತಮ್ಮ ಮೈಮೇಲಿನ ಬಟ್ಟೆ ಎಲ್ಲಿಂದ ಬಂತೆಂದು ತೋರಿಸಿತು. 1909ರಲ್ಲಿ ಕನಿಷ್ಠ ಕೂಲಿ ಗೊತ್ತುಪಡಿಸುವ ಕಾನೂನು ಬಂತು. ಅದು ಕಾಗದದಲ್ಲೇ ಉಳಿಯುವಂತಿದ್ದಾಗ, 1910ರಲ್ಲಿ ಕ್ರ್ಯಾಡ್ಲಿ ಹೀತ್ ಎಂಬ ಊರಿನ ಸರಪಳಿ ಬಡಿಯುವ ಹೆಂಗಸರು ಮೇರಿ ಮಕಾರ್ಥರ್ ನೇತೃತ್ವದಲ್ಲಿ ಹತ್ತು ವಾರ ಮುಷ್ಕರ ಹೂಡಿದರು. ಅವರಲ್ಲಿ ಅನೇಕರ ಕುಲುಮೆ ಮನೆಯ ಹಿತ್ತಿಲಲ್ಲೇ ಇತ್ತು. ಗೆದ್ದಾಗ ಗಂಟೆಗೆ ಎರಡೂವರೆ ಪೆನ್ನಿ ಕೂಲಿ ಸಿಕ್ಕಿತು. ಎಷ್ಟೋ ಜನರಿಗೆ ಅದು ಮೊದಲಿನ ಎರಡರಷ್ಟು. ಅವರನ್ನು ಯಾರೂ ಹೋಮ್‌ಮೇಕರ್ ಎಂದು ಕರೆದು ಸಮಾಧಾನಪಡಿಸಲಿಲ್ಲ.

ಈ ಪದ ನಮ್ಮ ಕರಾವಳಿಗೆ ಕಾನೂನಿನ ಮೂಲಕ ಬಂದಿದೆ. 1966ರ ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾಯ್ದೆ, ಮಾಲಿಕ ಅಥವಾ ಗುತ್ತಿಗೆದಾರನಿಂದ ಕಚ್ಚಾ ಸಾಮಗ್ರಿ ಪಡೆದು ಮನೆಯಲ್ಲಿ ಬೀಡಿ ಮಾಡುವವರನ್ನು ‘ಹೋಮ್ ವರ್ಕರ್’ ಎಂದು ಕರೆದು ನೌಕರರ ಸಾಲಿಗೆ ಸೇರಿಸಿತು. ದಕ್ಷಿಣ ಕನ್ನಡ, ಉಡುಪಿಯ ಮುಸ್ಲಿಂ, ಬಿಲ್ಲವ ಮತ್ತಿತರ ಸಮುದಾಯಗಳ ಎಷ್ಟೋ ಮನೆಗಳ ಜಗಲಿಯಲ್ಲಿ ತಟ್ಟೆ ತೊಡೆಯ ಮೇಲಿಟ್ಟು ಎಲೆ ಕತ್ತರಿಸಿ, ಹೊಗೆಸೊಪ್ಪು ತುಂಬಿ, ನೂಲು ಸುತ್ತಿ, ಸಂಜೆ ಬ್ರ್ಯಾಂಚಿಗೆ ಹೋಗಿ ಲೆಕ್ಕ ಕೊಟ್ಟು ಬಂದ ಹೆಂಗಸರು ಆ ಕಾಯ್ದೆಯ ಕಣ್ಣಿನಲ್ಲಿ ಕಾರ್ಮಿಕರು. ಮಕ್ಕಳ ಫೀಸು, ಮಗಳ ಕಿವಿಯ ಓಲೆ, ಮನೆಯ ಹೆಂಚು ಆ ದುಡ್ಡಿನಿಂದ ಬಂದಿವೆ. ಆದರೂ ‘ಹೆಂಡತಿ ಏನು ಮಾಡುತ್ತಾಳೆ’ ಎಂದು ಕೇಳಿದರೆ ಗಂಡ ಹೇಳುತ್ತಿದ್ದದ್ದು ‘ಏನಿಲ್ಲ, ಮನೆಯಲ್ಲೇ ಇದ್ದಾಳೆ’ ಎಂದೇ. ಹಾಗೆ ಹೇಳುವವರಲ್ಲಿ ಅವಳ ದುಡಿಮೆಯಿಂದ ಅಕ್ಕಿ ತಂದವರೂ ಇದ್ದರು.

2020ರಲ್ಲಿ ಕೊರೋನಾದಿಂದ ಕಚೇರಿಗಳು ಮುಚ್ಚಿದಾಗ ‘ವರ್ಕ್ ಫ್ರಂ ಹೋಂ’ ಎಂಬ ಮಾತು ಹಳ್ಳಿಯ ಮಕ್ಕಳ ಬಾಯಲ್ಲೂ ಬಂತು. ಬೆಂಗಳೂರಿನಿಂದ ಊರಿಗೆ ಬಂದ ಮಗ ಕೋಣೆಯ ಬಾಗಿಲು ಹಾಕಿಕೊಂಡರೆ ‘ಅವನಿಗೆ ಕೆಲಸ ಇದೆ, ಗಲಾಟೆ ಮಾಡಬೇಡಿ’ ಎಂದು ಮನೆಯೆಲ್ಲ ಪಿಸುಮಾತಿಗೆ ಇಳಿಯಿತು. ಅದೇ ಜಗಲಿಯಲ್ಲಿ ಬೀಡಿ ಕಟ್ಟುವ ತಾಯಿಗೆ ಈ ಮೂವತ್ತು ವರ್ಷ ಯಾರೂ ಬಾಗಿಲು ಹಾಕಿ ಕೊಟ್ಟಿರಲಿಲ್ಲ. ಕಟ್ಟುತ್ತಲೇ ಚಹಾಕ್ಕೆ ಏಳಬೇಕಿತ್ತು. ಮನೆಯೇ ಕಾರ್ಖಾನೆಯಾದವಳಿಗಿಲ್ಲದ ಮರ್ಯಾದೆ, ಮನೆ ಕಚೇರಿಯಾದ ಕೂಡಲೇ ಬಂದದ್ದು ಹೇಗೆ? ಇಂಗ್ಲಿಷಿನ ಎರಡು ಮಾತುಗಳ ನಡುವಿನ ಅಂತರ ಸಂಬಳದ ಅಂತರವೇ.

ಕನ್ನಡದಲ್ಲಿ ಇನ್ನೂ ಒಂದು ಸೋಜಿಗವಿದೆ. ‘ಕೆಲಸದವಳು’ ಎಂದು ನಾವು ಕರೆಯುವುದು ಒಬ್ಬಳನ್ನೇ, ಪರರ ಮನೆಯ ಪಾತ್ರೆ ತಿಕ್ಕುವವಳನ್ನು. ಕೆಲಸ ಎಂಬ ಪದವನ್ನು ಪೂರ್ತಿಯಾಗಿ ಅವಳಿಗೇ ಕೊಟ್ಟಿದ್ದೇವೆ. ಕರ್ನಾಟಕ ಸರ್ಕಾರ 2004ರಲ್ಲಿ ಮನೆಗೆಲಸದವರಿಗೆ ಕನಿಷ್ಠ ವೇತನ ಗೊತ್ತುಪಡಿಸಿತು. ಅದನ್ನು ಓದಿ ನೋಡಿ ಸಂಬಳ ಕೊಡುವ ಮನೆ ಎಷ್ಟಿವೆ ಎಂದು ನಮ್ಮ ನಮ್ಮ ಬೀದಿಯಲ್ಲೇ ವಿಚಾರಿಸಬಹುದು.

1966ರ ಬೀಡಿ ಕಾಯ್ದೆ 2020ರ ಕಾರ್ಮಿಕ ಸಂಹಿತೆಯೊಳಗೆ ಸೇರಿತು. ಆ ಸಂಹಿತೆ ಜಾರಿಗೆ ಬಂದದ್ದು 2025ರ ನವೆಂಬರಿನಲ್ಲಿ. ಈ ನಡುವೆ 2008ರ ಅಸಂಘಟಿತ ಕಾರ್ಮಿಕರ ಕಾಯ್ದೆಯಿಂದಲೇ ‘ಹೋಮ್ ಬೇಸ್ಡ್ ವರ್ಕರ್’ ಎಂಬ ಹೊಸ ಹೆಸರೂ ಚಾಲ್ತಿಗೆ ಬಂದಿದೆ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ ಮನೆಯಲ್ಲಿ ಕೂತು ದುಡಿಯುವವರಿಗೆ ಉಳಿದ ಕಾರ್ಮಿಕರ ಸಮಾನ ಹಕ್ಕು ಕೊಡಬೇಕೆಂಬ ಒಡಂಬಡಿಕೆಯನ್ನು 1996ರಲ್ಲಿ ಅಂಗೀಕರಿಸಿತು. ಭಾರತ ಅದಕ್ಕೆ ಇನ್ನೂ ಸಹಿ ಹಾಕಿಲ್ಲ.