ಹಳದಿ ತಲೆ, ಹಸಿರು ತಲೆ

ರಸ್ತೆ ಬದಿಯ ಕಿಲೋಮೀಟರ್ ಕಲ್ಲಿನ ತಲೆ ನೋಡಿದರೆ ರಸ್ತೆ ಯಾರದ್ದೆಂದು ತಿಳಿಯುತ್ತದೆ. ಹಳದಿಯಿದ್ದರೆ ರಾಷ್ಟ್ರೀಯ ಹೆದ್ದಾರಿ, ಹಸಿರಿದ್ದರೆ ರಾಜ್ಯದ್ದು, ಕಿತ್ತಳೆಯಾದರೆ ಹಳ್ಳಿ ರಸ್ತೆ. ರಾಜ್ಯ ಹೆದ್ದಾರಿಗೆ ಬಡ್ತಿ ಸಿಕ್ಕ ಕಡೆ ಗಾಡಿ ನಿಲ್ಲಿಸಿ, ಬಗ್ಗಿ ನೋಡಿ. ಹಳದಿ ಬಣ್ಣ ಚಕ್ಕೆಯೆದ್ದಲ್ಲಿ ಹಳೇ ಹಸಿರು ಇಣುಕುತ್ತಿರುತ್ತದೆ.

ಬಣ್ಣ ಸುಲಭದ ಪಾಠ. ನನಗೆ ರುಚಿಸುವುದು ನಂಬರು. 2010ರಲ್ಲಿ ರಾಷ್ಟ್ರೀಯ ಹೆದ್ದಾರಿಗಳಿಗೆಲ್ಲ ಹೊಸ ನಂಬರು ಬಂತು. ದಾವಣಗೆರೆ, ಹುಬ್ಬಳ್ಳಿ ಕಡೆಯವರ ಬಾಯಲ್ಲಿ ಇವತ್ತಿಗೂ ‘ಎನ್‌ಎಚ್ ಫೋರ್’ ಆಗಿರುವ ರಸ್ತೆ ಕಲ್ಲಿನ ಮೇಲೆ 48. ಜನ ಗೊಣಗಿದರು, ನಾನಂತೂ ಮೆಚ್ಚಿದೆ. ಹೊಸದಕ್ಕೆ ಒಂದು ಲೆಕ್ಕವಿದೆ. ಉತ್ತರ-ದಕ್ಷಿಣದ ರಸ್ತೆಗೆ ಸರಿಸಂಖ್ಯೆ, ಪಶ್ಚಿಮಕ್ಕೆ ಹೋದಂತೆ ಏರುತ್ತದೆ. ಅದಕ್ಕೇ ನಡುನಾಡಿನ ಹೆದ್ದಾರಿ 44, ನಮ್ಮ ಕರಾವಳಿಯದು 66. ಪೂರ್ವ-ಪಶ್ಚಿಮದ್ದಕ್ಕೆ ಬೆಸಸಂಖ್ಯೆ, ದಕ್ಷಿಣಕ್ಕೆ ಬಂದಂತೆ ಏರಿಕೆ. ಹೊನ್ನಾವರದಿಂದ ಕೆಳಗಿಳಿಯುತ್ತ ಎಡಗಡೆಯ ಘಟ್ಟದ ದಾರಿಗಳನ್ನು ಎಣಿಸಿ: ಗೇರುಸೊಪ್ಪೆಯ 69, ಚಾರ್ಮಾಡಿಯ 73, ಶಿರಾಡಿಯ 75. ನಡುವೆ ಆಗುಂಬೆಯ 169ಎ, ಅಂದರೆ 69ರ ಕವಲಿನ ಕವಲು. ಬೆಂಗಳೂರು–ಮೈಸೂರಿನ 275 ಕೂಡ ಹಾಗೇ, 75ರ ಕವಲು. ಅಂಕೋಲೆಯ 52 ಮಾತ್ರ ದಾರಿ ತಪ್ಪಿಸುತ್ತದೆ. ಹುಬ್ಬಳ್ಳಿಯಿಂದ ಪಡುವಣಕ್ಕೆ ಇಳಿದರೂ ಸರಿಸಂಖ್ಯೆ, ಏಕೆಂದರೆ ಅದು ದೂರದ ಪಂಜಾಬಿನ ಸಂಗರೂರಿನಿಂದ ಹೊರಟ ರಸ್ತೆಯ ಬಾಲ.

ರಾಜ್ಯದ ಗಡಿಯಲ್ಲಿ ಬಣ್ಣವೂ ನಂಬರೂ ಹಾಗೇ ಮುಂದುವರಿಯುತ್ತವೆ, ಲಿಪಿ ಮಾತ್ರ ಕೈಕೊಡುತ್ತದೆ. ತಲಪಾಡಿ ದಾಟಿದರೆ ಮಲಯಾಳಂ, ಅತ್ತಿಬೆಲೆ ದಾಟಿದರೆ ತಮಿಳು. ಓದಲು ಬಾರದವರು ಇಂಗ್ಲಿಷಿನ ಕಲ್ಲು ಬರುವ ತನಕ ಕಾಯಬೇಕು. ಬಾಗೇಪಲ್ಲಿ ದಾಟಿ ಆಂಧ್ರಕ್ಕೆ ಹೊಕ್ಕರೆ ಕನ್ನಡಿಗರಿಗೆ ಆ ಪರದಾಟವಿಲ್ಲ. ತೆಲುಗಿನ ತಲೆಕಟ್ಟು ಬೇರೆ, ಅಕ್ಷರದ ಒಡಲು ಹೆಚ್ಚುಕಡಿಮೆ ನಮ್ಮದೇ. ಗಂಟೆಗೆ 80ರ ವೇಗದಲ್ಲೂ ‘ಅನಂತಪುರ’ ಕಣ್ಣಿಗೆ ಸಿಗುತ್ತದೆ. 2017ರಲ್ಲಿ ತಮಿಳುನಾಡಿನ ಹೆದ್ದಾರಿ ಕಲ್ಲುಗಳಲ್ಲಿ ಇಂಗ್ಲಿಷಿನ ಜಾಗಕ್ಕೆ ಹಿಂದಿ ಬಂದಾಗ ದೊಡ್ಡ ಗಲಾಟೆಯೇ ಎದ್ದಿತು. ರಾಜಕೀಯ ಅತ್ತ ಇರಲಿ. ಸೇಲಂನ ಲಾರಿ ಡ್ರೈವರ್ ಹುಬ್ಬಳ್ಳಿಗೆ ಬರಬೇಕು, ಹುಬ್ಬಳ್ಳಿಯವನು ಸೇಲಂಗೆ ಹೋಗಬೇಕು. ನನ್ನ ಓಟು ಊರಿನ ಲಿಪಿಯ ಜೊತೆಗೆ ಇಂಗ್ಲಿಷಿಗೆ.